ಸಮಾಜಶಾಸ್ತ್ರ, ನೌಕರಿ ಮತ್ತು ನಮ್ಮ ಫರೀದಾಬಾದ್

"ಸಮಾಜಶಾಸ್ತ್ರ ಓದಿ ಮುಂದೇನು ಮಾಡುತ್ತೀಯೆ?" ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳನ್ನು ನಾವು ಕೇಳುವ ಪ್ರಶ್ನೆ ಇದು. ಕಾರ್ಖಾನೆಗಳ ಈ ಊರಿನಲ್ಲಿ ಎಂಜಿನಿಯರಿಂಗೋ ಲೆಕ್ಕಪತ್ರವೋ ಕಲಿತರೆ ಅನ್ನಕ್ಕೆ ದಾರಿಯಾಯಿತೆಂಬುದು ನಮ್ಮ ನಂಬಿಕೆ. ಆದರೆ ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ಹೇಗೆ ತೆಗೆದುಕೊಳ್ಳಬೇಕು ಎಂಬ ವಿಚಾರದಲ್ಲಿ ಆ ಶಾಸ್ತ್ರ ಎಷ್ಟು ಉಪಯುಕ್ತವೆಂಬುದಕ್ಕೆ ನಾವು ವಾಸಿಸುವ ಊರೇ ಸಾಕ್ಷಿ. ಆ ಇತಿಹಾಸದಲ್ಲಿ ನಮ್ಮ ಕರಾವಳಿಯ ಹೆಣ್ಣುಮಗಳೊಬ್ಬರ ಪಾತ್ರವೂ ಉಂಟು.

ಹಿಂದೆ ಮುಂಬಯಿಯ ಗಿರಣಿಗಳಲ್ಲಿ ಆಳು ಸೇರಿಸುವ ಅಧಿಕಾರ ಜಾಬರನದು. ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲಿ ಆ ಕೆಲಸ ಮೇಸ್ತ್ರಿಯದು. ಆತ ತನ್ನ ಊರಿನವರನ್ನೂ ನಂಟರನ್ನೂ ಕರೆತರುತ್ತಿದ್ದ. ಹೊಸಬನಿಗೆ ಪರಸ್ಥಳದಲ್ಲಿ ಆಸರೆ ದೊರೆಯುತ್ತಿತ್ತು ನಿಜ. ಆದರೆ ಮುಂಗಡದ ಸಾಲ, ಲಂಚ, ಕೆಲಸ ಹೋಗುವ ಭಯ ಇವೂ ಜೊತೆಯಲ್ಲೇ ಬರುತ್ತಿದ್ದವು. 1931ರಲ್ಲಿ ವರದಿ ಒಪ್ಪಿಸಿದ ರಾಯಲ್ ಕಮಿಷನ್ ಆನ್ ಲೇಬರ್, ಈ ಅಧಿಕಾರವನ್ನು ಜಾಬರನಿಂದ ತೆಗೆದು ಲೇಬರ್ ಆಫೀಸರಿಗೆ ವಹಿಸಬೇಕೆಂದು ಸಲಹೆ ಮಾಡಿತು. 1936ರಲ್ಲಿ ಮುಂಬಯಿಯಲ್ಲಿ, ಇಂದು ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎನಿಸಿರುವ ಶಾಲೆ ಆರಂಭವಾಯಿತು. 1948ರ ಕಾರ್ಖಾನೆ ಕಾಯಿದೆಯು 500 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕಲ್ಯಾಣಾಧಿಕಾರಿಯನ್ನು ನೇಮಿಸಬೇಕೆಂದು ವಿಧಿಸಿತು. ಹೀಗೆ ಸಮಾಜ ವಿಜ್ಞಾನ ಓದಿದವರಿಗೆ ಕಾರ್ಖಾನೆಯ ಬಾಗಿಲು ತೆರೆಯಿತು.

ಇದೇ ಕಾಲಕ್ಕೆ ಫರೀದಾಬಾದಿನ ಹೊಸ ಊರು ರೂಪುಗೊಳ್ಳುತ್ತಿತ್ತು. ದೇಶ ಇಬ್ಭಾಗವಾದಾಗ ವಾಯವ್ಯ ಗಡಿ ಪ್ರಾಂತದ ಬನ್ನು, ಡೇರಾ ಇಸ್ಮಾಯಿಲ್ ಖಾನ್ ಮೊದಲಾದ ಕಡೆಗಳಿಂದ ಮನೆಮಾರು ಬಿಟ್ಟು ಬಂದ ಕುಟುಂಬಗಳು ಕುರುಕ್ಷೇತ್ರದ ಶಿಬಿರದಲ್ಲಿದ್ದವು. ಇವರಿಗಾಗಿ ಇಲ್ಲಿ ಊರು ಕಟ್ಟಲು 1949ರಲ್ಲಿ ಫರೀದಾಬಾದ್ ಡೆವಲಪ್‌ಮೆಂಟ್ ಬೋರ್ಡ್ ರಚನೆಯಾಯಿತು. ಪ್ರಧಾನಿ ನೆಹರೂ ಅವರು ಇದರಲ್ಲಿ ಸ್ವತಃ ಆಸಕ್ತಿ ವಹಿಸಿದರು.

ಮಂಡಳಿಯ ಕೆಲಸದಲ್ಲಿ ಮುಖ್ಯ ಪಾತ್ರ ವಹಿಸಿದವರಲ್ಲಿ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರೂ ಒಬ್ಬರು. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಇವರು ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ವ್ಯಾಸಂಗ ಮಾಡಿದ್ದರು. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡಿದ್ದರು. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಸ್ಥಾಪಿಸಿ, ದೆಹಲಿಯ ಬಳಿಯ ಛತ್ತರ್‌ಪುರದಲ್ಲಿ ನಿರಾಶ್ರಿತರ ಸಹಕಾರಿ ಬೇಸಾಯವನ್ನು ಆರಂಭಿಸಿದ್ದರು.

ಊರನ್ನು ಕಟ್ಟುವವರು ಯಾರು? ಗುತ್ತಿಗೆದಾರರಿಗೆ ವಹಿಸಿದರೆ ಅವರು ಹೊರಗಿನ ಕೂಲಿಗಳನ್ನು ತರುತ್ತಾರೆ. ನಿರಾಶ್ರಿತರು ಪುಕ್ಕಟೆ ಪಡಿತರಕ್ಕೆ ಕೈಯೊಡ್ಡಿ ಕೂರಬೇಕು. ಅವರಲ್ಲಿ ಬಹುಮಂದಿ ಅಂಗಡಿ, ವ್ಯಾಪಾರ ಮಾಡಿಕೊಂಡಿದ್ದವರು, ಗುದ್ದಲಿ ಹಿಡಿದವರಲ್ಲ. ಅರ್ಜಿಯನ್ನು ಮಾತ್ರ ನೋಡುವ ಅಧಿಕಾರಿ "ಅನುಭವವಿಲ್ಲ" ಎಂದು ಬರೆದು ಬದಿಗಿಟ್ಟಾನು. ಆದರೆ ಇವರೇ ತಮ್ಮ ಮನೆಗಳನ್ನು ಕಟ್ಟಲಿ, ಅದಕ್ಕೆ ಸಹಕಾರಿ ಸಂಘಗಳನ್ನು ಮಾಡಿಕೊಳ್ಳಲಿ ಎಂದು ಕಮಲಾದೇವಿ ಮತ್ತು ಅವರ ಸಂಗಡಿಗರು ಪಟ್ಟುಹಿಡಿದರು. ಹಾಗೆಯೇ ಆಯಿತು. ಆಡಳಿತಾಧಿಕಾರಿ ಸುಧೀರ್ ಘೋಷರ ಕಾಲದಲ್ಲಿ ನಿರಾಶ್ರಿತರೇ ಮಣ್ಣು ಹೊತ್ತು, ಗೋಡೆಯೆಬ್ಬಿಸಿ ನಿಂತದ್ದೇ ಇಂದಿನ ಎನ್.ಐ.ಟಿ. ಬಡಾವಣೆ.

ಇದೆಲ್ಲ ಒಂದು ಡಿಪ್ಲೊಮಾದ ಫಲವೆಂದು ನಾವು ಹೇಳುತ್ತಿಲ್ಲ. ಗಾಂಧೀಜಿಯವರ ಪ್ರಭಾವವೂ ಸಹಕಾರ ತತ್ತ್ವದ ಬಲವೂ ಇದ್ದವು. ಆದರೂ ಮನುಷ್ಯನನ್ನು ಅವನ ಕುಟುಂಬ, ಕಳೆದುಕೊಂಡ ಬದುಕು, ಉಳಿದಿರುವ ಮರ್ಯಾದೆ ಇವುಗಳೊಡನೆ ಸೇರಿಸಿ ನೋಡುವ ದೃಷ್ಟಿ ಆ ಶಾಸ್ತ್ರದ ಸಾರವೇ ಸರಿ. ಮುಂದೆ ಆಡಳಿತ ಸರ್ಕಾರಿ ಇಲಾಖೆಯ ಕೈಸೇರಿದಾಗ ಸಹಕಾರಿ ಚೈತನ್ಯ ಕುಂದಿದ ದುಃಖದ ಕಥೆಯನ್ನು, ಅಂದು ಯುವ ಕಾರ್ಯಕರ್ತರಾಗಿದ್ದ ಎಲ್.ಸಿ. ಜೈನರು 1998ರ ತಮ್ಮ ಪುಸ್ತಕದಲ್ಲಿ ಹೇಳಿದ್ದಾರೆ.

ಇಂದಿನ ನೇಮಕಾತಿ ವಿಭಾಗದಲ್ಲಿ ಕುಳಿತವರಿಗೂ ಇದರಲ್ಲಿ ಪಾಠವಿದೆ. ಹಳ್ಳಿಯಿಂದ ಬಂದ ಹುಡುಗ ಇಂಗ್ಲಿಷಿನಲ್ಲಿ ತಡವರಿಸಿದರೆ ಅದು ದಡ್ಡತನವಲ್ಲ. ತಾಯಿಯಾದವಳು ಮೂರು ವರ್ಷ ನೌಕರಿ ಬಿಟ್ಟಿದ್ದರೆ ಅದು ಸೋಮಾರಿತನವಲ್ಲ. ರಾತ್ರಿ ಪಾಳಿಗೆ ಬಸ್ಸಿಲ್ಲದಿದ್ದರೆ ಒಳ್ಳೆಯ ಕೆಲಸಗಾರ್ತಿಯೂ ಬರಲಾರಳು. "ನಮ್ಮವರು" ಎಂದು ಪರಿಚಿತರನ್ನೇ ಸೇರಿಸಿಕೊಂಡರೆ ಹೊರಗೆ ನಿಲ್ಲುವವರು ಯಾರೆಂದು ಕೇಳಿಕೊಳ್ಳಬೇಕು. ನಮ್ಮಲ್ಲಿ ಅನೇಕರು ಚಿಕ್ಕಪ್ಪನ, ಸೋದರಮಾವನ ಕಾಗದ ಹಿಡಿದು ಈ ಊರಿಗೆ ಬಂದವರೇ. ಅಂಥ ಕಾಗದ ಬರೆಯುವವರಿಲ್ಲದವರ ನೆನಪು ನಮಗೇ ಹೆಚ್ಚು ಇರಬೇಕು.

ಆದ್ದರಿಂದ ಮನೆಯ ಮಗಳೋ ಮಗನೋ ಸಮಾಜಶಾಸ್ತ್ರ ಓದುತ್ತೇನೆಂದರೆ ಥಟ್ಟನೆ ಬೇಡವೆನ್ನದಿರೋಣ. ಈ ಊರಿನ ಕಾರ್ಖಾನೆಗಳಿಗೆ ಯಂತ್ರ ಬಲ್ಲವರಂತೆ ಮನುಷ್ಯರನ್ನು ಬಲ್ಲವರೂ ಬೇಕು.