ಕೊಳವೆಗಳ ಎಣಿಕೆ: ಭಾರತದ ಡೀಸೆಲ್ ಜಲಾಂತರ್ಗಾಮಿಗಳ ಟಾರ್ಪಿಡೊ ಇತಿಹಾಸ

ನಮ್ಮ ನೌಕಾಪಡೆಯ ಡೀಸೆಲ್-ವಿದ್ಯುತ್ ಜಲಾಂತರ್ಗಾಮಿಗಳನ್ನು ಬಂದ ವರ್ಷದ ಕ್ರಮದಲ್ಲಿ ಜೋಡಿಸಿ ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. 1967ರ ಡಿಸೆಂಬರ್ 8ರಂದು ಸೋವಿಯತ್ ಒಕ್ಕೂಟದ ರೀಗಾ ಬಂದರಿನಲ್ಲಿ ಸೇವೆಗೆ ಸೇರಿದ ಮೊದಲ ‘ಕಲ್ವರಿ’ಗೆ ಹತ್ತು ಟಾರ್ಪಿಡೊ ಕೊಳವೆಗಳಿದ್ದವು, ಮೂತಿಯಲ್ಲಿ ಆರು, ಬಾಲದಲ್ಲಿ ನಾಲ್ಕು. 1986ರಲ್ಲಿ ಜರ್ಮನಿಯಿಂದ ಬಂದ ‘ಶಿಶುಮಾರ್’ಗೆ ಎಂಟು, ಅದೇ ವರ್ಷ ಸೋವಿಯತ್ ನಾಡಿನಿಂದ ಬಂದ ‘ಸಿಂಧುಘೋಷ್’ಗೆ ಆರು, 2017ರ ಡಿಸೆಂಬರ್ 14ರಂದು ಮುಂಬೈಯಲ್ಲಿ ಸೇವೆಗೆ ಸೇರಿದ ಎರಡನೆಯ ‘ಕಲ್ವರಿ’ಗೂ ಆರೇ. ಒಯ್ಯುವ ಟಾರ್ಪಿಡೊಗಳೂ 22ರಿಂದ 18ಕ್ಕೆ ಇಳಿದವು. ‘ಶಿಶುಮಾರ್’ನಲ್ಲಂತೂ 14 ಮಾತ್ರ. ಅಂಕಿಗಳನ್ನಷ್ಟೇ ನೋಡಿದವರು ಬಲ ಕುಗ್ಗುತ್ತ ಬಂತೆನ್ನಬಹುದು. ನನ್ನ ವಾದ ಬೇರೆ: ಹೆಚ್ಚು ಕೊಳವೆಗಳು ಬೇಕಾಗಿದ್ದದ್ದು ಟಾರ್ಪಿಡೊ ಕುರುಡಾಗಿದ್ದುದರಿಂದ. ಅದಕ್ಕೆ ಕಣ್ಣು ಬಂದಂತೆಲ್ಲ ಕೊಳವೆಗಳ ಹೊರೆ ಇಳಿಯಿತು.

ವಿಶಾಖಪಟ್ಟಣದ ಕಡಲದಂಡೆಯಲ್ಲಿ 2002ರಿಂದ ವಸ್ತುಸಂಗ್ರಹಾಲಯವಾಗಿ ನಿಂತಿರುವ ‘ಕುರ್ಸುರ’ ಮೊದಲ ‘ಕಲ್ವರಿ’ಯ ತಂಗಿಯೇ. ಅದರ ಮೂತಿಯ ಕೋಣೆಗೆ ಹೊಕ್ಕರೆ 533 ಮಿಲಿಮೀಟರ್ ವ್ಯಾಸದ ಕೊಳವೆಗಳ ಒಳಬಾಗಿಲುಗಳು ಎದುರಿಗೇ ಸಿಗುತ್ತವೆ. ಕೊಳವೆಗೆ ಬಾಗಿಲು ಎರಡು, ಹಡಗಿನ ಒಳಕ್ಕೊಂದು, ಕಡಲಿಗೊಂದು. ಎರಡೂ ಒಮ್ಮೆಗೇ ತೆರೆಯದಂತೆ ಅಡ್ಡಿ ಇರುತ್ತದೆ, ಇಲ್ಲದಿದ್ದರೆ ಕಡಲೇ ಒಳನುಗ್ಗುತ್ತದೆ. ಟಾರ್ಪಿಡೊ ತುಂಬಿ ಒಳಬಾಗಿಲು ಮುಚ್ಚಬೇಕು, ಕೊಳವೆಗೆ ನೀರು ಬಿಟ್ಟು ಹೊರಗಿನ ಒತ್ತಡಕ್ಕೆ ಸಮ ಮಾಡಬೇಕು, ಆಮೇಲೆ ಹೊರಬಾಗಿಲು ತೆರೆದು ಒತ್ತಿದ ಗಾಳಿಯಿಂದ ದೂಡಬೇಕು. ಆ ಕಾಲದ ಬಹುಪಾಲು ಟಾರ್ಪಿಡೊಗಳು ಗೈರೊಸ್ಕೋಪ್ ತೋರಿದ ಕೋನಕ್ಕೆ ಒಮ್ಮೆ ತಿರುಗಿ, ಅಲ್ಲಿಂದಾಚೆ ನೆಟ್ಟಗೆ ಓಡುತ್ತಿದ್ದವು. ಗುರಿಯ ವೇಗ, ದಿಕ್ಕು, ದೂರ ಮೂರನ್ನೂ ಅಂದಾಜಿನಲ್ಲೇ ಹಿಡಿಯಬೇಕಾದ ನಾಯಕ ಒಂದನ್ನು ಬಿಟ್ಟು ಕೈಕಟ್ಟಿ ಕೂರುವಂತಿರಲಿಲ್ಲ. ಬೀಸಣಿಗೆಯ ಕಡ್ಡಿಗಳಂತೆ ಮೂರು-ನಾಲ್ಕನ್ನು ಹರಡಿ ಬಿಡುತ್ತಿದ್ದ. ಬೆನ್ನ ಹಿಂದೆ ಬಂದವನಿಗೆ ಬಾಲದ ನಾಲ್ಕು.

ಈ ಲೆಕ್ಕ ಬದಲಾದದ್ದಕ್ಕೆ ನಮ್ಮ ಪಾಲಿನ ಸಾಕ್ಷ್ಯ ಕಹಿಯಾದದ್ದು. 1971ರ ಡಿಸೆಂಬರ್ 9ರ ರಾತ್ರಿ ದಿಯು ಕಡಲಿನಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿ ‘ಹಂಗೋರ್’ ನಮ್ಮ ಯುದ್ಧನೌಕೆ ‘ಖುಕ್ರಿ’ಯನ್ನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗಿನೊಂದಿಗೇ ಹೋದರು; ಒಟ್ಟು 18 ಅಧಿಕಾರಿಗಳು, 176 ನಾವಿಕರು ಮಡಿದರು. ಫ್ರಾನ್ಸಿನ ಡಾಫ್ನೆ ಮಾದರಿಯ ‘ಹಂಗೋರ್’ಗೆ 12 ಕೊಳವೆಗಳಿದ್ದವು. ಆ ರಾತ್ರಿ ಅದು ಬಿಟ್ಟದ್ದು ಸದ್ದು ಹಿಡಿದು ಬೆನ್ನಟ್ಟುವ ಮೂರೇ ಟಾರ್ಪಿಡೊಗಳನ್ನು. ‘ಖುಕ್ರಿ’ಯ ಜೊತೆಗಿದ್ದ ‘ಕಿರ್ಪಾಣ್’ನತ್ತ ಹೋದ ಮೊದಲನೆಯದು ಸಿಡಿಯಲಿಲ್ಲ, ಎರಡನೆಯದು ‘ಖುಕ್ರಿ’ಯನ್ನು ಬಲಿ ತೆಗೆದುಕೊಂಡಿತು. ಕತ್ತಲಲ್ಲಿ ಪೆರಿಸ್ಕೋಪಿಗೆ ಏನೂ ಕಾಣದಿದ್ದಾಗ ಆಳಕ್ಕಿಳಿದು, ಸೋನಾರನ್ನೇ ನಂಬಿ ನಡೆಸಿದ ದಾಳಿ ಅದು. ಉಳಿದ ಒಂಬತ್ತು ಕೊಳವೆಗಳು ಆ ಫಲಿತಾಂಶಕ್ಕೆ ಏನನ್ನೂ ಸೇರಿಸಲಿಲ್ಲ.

ಬಾಲದ ಕೊಳವೆಗಳು ಹೋದದ್ದು ಹಡಗಿನ ಆಕಾರ ಬದಲಾದ್ದರಿಂದ, ಟಾರ್ಪಿಡೊದಿಂದಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. 1953ರಲ್ಲಿ ಅಮೆರಿಕದ ‘ಆಲ್ಬಕೋರ್’ ಹನಿಯಾಕಾರದ ಒಡಲನ್ನು ಪರೀಕ್ಷೆಗೆ ತಂದ ಮೇಲೆ ಹೊಸ ವಿನ್ಯಾಸಗಳು ಹಿಂಬದಿಯನ್ನು ಒಂದೇ ದೊಡ್ಡ ಪ್ರೊಪೆಲ್ಲರಿಗೆ ಬಿಟ್ಟುಕೊಟ್ಟವು. ಮೂರು ಪ್ರೊಪೆಲ್ಲರ್‌ಗಳ ಹಳೆಯ ‘ಕಲ್ವರಿ’ಯಲ್ಲಿದ್ದ ಜಾಗ ‘ಸಿಂಧುಘೋಷ್’ನಲ್ಲಿಲ್ಲ. ನಿಜವೇ. ಆದರೆ ಜಾಗ ಏಕೆ ಹೋಯಿತೆಂಬುದನ್ನಷ್ಟೇ ಇದು ಹೇಳುತ್ತದೆ, ಹೋದದ್ದಕ್ಕೆ ನಾವಿಕರು ಏಕೆ ಒಪ್ಪಿದರೆಂಬುದನ್ನಲ್ಲ. ತಂತಿಯ ಮೂಲಕ ಹಡಗಿನಿಂದಲೇ ಆಣತಿ ಪಡೆಯುವ ಟಾರ್ಪಿಡೊ ಮೂತಿಯಿಂದ ಹೊರಟು ಹಿಂದಕ್ಕೂ ತಿರುಗಬಲ್ಲದು. ಆ ಅನುಕೂಲ ಇಲ್ಲದಿದ್ದರೆ ಬೆನ್ನು ಬರಿದು ಮಾಡಿಕೊಳ್ಳಲು ಯಾವ ನೌಕಾಪಡೆಯೂ ಸುಲಭಕ್ಕೆ ಒಪ್ಪುತ್ತಿರಲಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಅರ್ಧ ತಲೆಬಾಗಲೇಬೇಕು. ತಂತಿ ಬಿಚ್ಚಿಕೊಳ್ಳುತ್ತಿರುವಷ್ಟು ಹೊತ್ತು ಆ ಕೊಳವೆ ಬೇರೆ ಕೆಲಸಕ್ಕೆ ಬಾರದು. ತಂತಿ ಕತ್ತರಿಸಿ ಬಾಗಿಲು ಮುಚ್ಚುವ ತನಕ ಮರುತುಂಬುವಂತಿಲ್ಲ. ಹೀಗಾಗಿ ಸಂಖ್ಯೆ ಪೂರ್ತಿ ಅಪ್ರಸ್ತುತವಲ್ಲ, ‘ಶಿಶುಮಾರ್’ನ ಎಂಟರಿಂದ ಆಗುವ ಲಾಭವೂ ಇದೇ. ಆದರೆ ಅದೇ ಜರ್ಮನ್ ವಂಶದ, ಎಂಟೇ ಕೊಳವೆಗಳ ಅರ್ಜೆಂಟೀನದ ‘ಸಾನ್ ಲೂಯಿಸ್’ 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟಿಷರ ಕೈಗೆ ಸಿಗದೆ ತಪ್ಪಿಸಿಕೊಂಡೂ ಒಂದು ಹಡಗನ್ನೂ ಹೊಡೆಯಲಾಗಲಿಲ್ಲ. ಗುರಿ ಲೆಕ್ಕ ಹಾಕುವ ಕಂಪ್ಯೂಟರ್ ಕೆಟ್ಟಿತ್ತು, ಟಾರ್ಪಿಡೊಗಳ ತಂತಿ ಕಡಿಯುತ್ತಿತ್ತು. ಎಂಟರ ಬದಲು ಹದಿನಾರು ಕೊಳವೆಗಳಿದ್ದರೂ ಅದರ ಕತೆ ಅಷ್ಟೇ.

ಸಂಖ್ಯೆಗಿಂತ ಕೊಳವೆಯ ಬಗೆ ಮುಖ್ಯ ಎನ್ನುವುದಕ್ಕೂ ಆಧಾರವಿದೆ. ‘ಶಿಶುಮಾರ್’ ಸೇರಿದ ಜರ್ಮನ್ 209 ಮಾದರಿಯ ಹಡಗುಗಳಲ್ಲಿ ಟಾರ್ಪಿಡೊ ತನ್ನದೇ ಪ್ರೊಪೆಲ್ಲರ್ ತಿರುಗಿಸಿ ಕೊಳವೆಯಿಂದ ಈಜಿ ಹೊರಬರುತ್ತದೆ. ಸದ್ದು ಕಡಿಮೆ, ಸರಿ. ಆದರೆ ನೀರಿನಲ್ಲಿ ಸ್ವಂತ ಚಾಲನೆಯಿಲ್ಲದ ಕ್ಷಿಪಣಿಯ ಕೋಶವನ್ನು ಹಾಗೆ ಕಳಿಸಲಾಗದು. ಹೊಸ ‘ಕಲ್ವರಿ’ಯಲ್ಲಿ ಗಾಳಿ ಟರ್ಬೈನಿನ ಪಂಪು ನೀರನ್ನೊತ್ತಿ ಆಯುಧವನ್ನು ದೂಡುತ್ತದೆ. ಹಾಗಾಗಿಯೇ 2017ರ ಮಾರ್ಚ್ 2ರಂದು ಟಾರ್ಪಿಡೊ ಕೊಳವೆಯಿಂದಲೇ ಎಕ್ಸೋಸೆ ಕ್ಷಿಪಣಿ ಹಾರಿತು. 2000ದಲ್ಲಿ ಬಂದ ‘ಸಿಂಧುಶಸ್ತ್ರ’ ಅದಕ್ಕೂ ಮುಂಚೆ ಆರೇ ಕೊಳವೆಗಳಿಂದ ಕ್ಲಬ್ ಕ್ಷಿಪಣಿ ಬಿಡುವ ಶಕ್ತಿ ಪಡೆದಿತ್ತು.

ಸಹ್ಯಾದ್ರಿಯ ಈಚೆ, ಬರದ ಬಯಲಿನಲ್ಲಿರುವ ಕನ್ನಡ ಓದುಗರಿಗೆ ಇದೆಲ್ಲ ದೂರದ ಮಾತೆನಿಸಬಹುದು. ಆದರೆ ‘ಸಿಂಧುಘೋಷ್’ ವರ್ಗದ ‘ಉಷಸ್’ ಸೋನಾರನ್ನು ಕೊಚ್ಚಿಯ ನೌಕಾ ಪ್ರಯೋಗಾಲಯ ರೂಪಿಸಿತು, ತಯಾರಿಸಿದ್ದು ಬೆಂಗಳೂರಿನ ಬಿಇಎಲ್. ಎಷ್ಟೇ ಕೊಳವೆಗಳಿದ್ದರೂ ಕಿವಿ ಕೇಳಿಸಿಕೊಳ್ಳದ ಹೊರತು ಬಾಗಿಲು ತೆರೆಯುವ ಪ್ರಶ್ನೆಯೇ ಏಳದು. ಬಾಗಿಲ ಹಿಂದೆ ತಕ್ಕ ಆಯುಧವೂ ಬೇಕು. ಇಟಲಿಯ ಬ್ಲ್ಯಾಕ್ ಶಾರ್ಕ್ ಟಾರ್ಪಿಡೊ ಖರೀದಿ ರದ್ದಾದ್ದರಿಂದ 2017ರ ‘ಕಲ್ವರಿ’ ‘ಶಿಶುಮಾರ್’ ಕಾಲದ ಎಸ್‌ಯುಟಿ ಟಾರ್ಪಿಡೊಗಳನ್ನೇ ನಂಬಿ ಕಡಲಿಗಿಳಿಯಿತು. ಡಿಆರ್‌ಡಿಒದ ಹೊಸ ಭಾರೀ ಟಾರ್ಪಿಡೊವನ್ನು ಈ ವರ್ಗಕ್ಕೆ ಅಳವಡಿಸಲು ಫ್ರಾನ್ಸಿನ ನೇವಲ್ ಗ್ರೂಪ್ ಜೊತೆ ಒಪ್ಪಂದವಾದದ್ದು 2024ರ ಡಿಸೆಂಬರ್ 30ರಂದು.