ಅರೆದರೆ ಮದ್ದು

ಬೆಂಗಳೂರಿನ ಜರಗನಹಳ್ಳಿಯಲ್ಲಿ ಕನಕಪುರ ರಸ್ತೆಯುದ್ದಕ್ಕೂ ಔಷಧದ ಅಂಗಡಿಗಳಿವೆ. ಅಲ್ಲಿ ಯಾರೂ ‘ಮದ್ದು ಕೊಡಿ’ ಎಂದು ಕೇಳುವುದಿಲ್ಲ. ಮಾತ್ರೆ ಕೇಳುತ್ತಾರೆ, ಟಾನಿಕ್ ಕೇಳುತ್ತಾರೆ, ಹೆಚ್ಚೆಂದರೆ ಔಷಧಿ. ಪುತ್ತೂರು, ಸುಳ್ಯ, ಕಾಸರಗೋಡಿನ ಕಡೆಯಿಂದ ಬಂದು ನೆಲೆಸಿದವರ ಬಾಯಲ್ಲಿ ಮಾತ್ರ ಆ ಪದ ಸಲೀಸಾಗಿ ಬರುತ್ತದೆ. ಉಳಿದ ಬೆಂಗಳೂರಿಗೆ ಮದ್ದು ಒಂಟಿಯಾಗಿ ನಿಲ್ಲುವ ಪದವೇ ಅಲ್ಲ. ಪತ್ರಿಕೆಯ ಆರೋಗ್ಯದ ಪುಟದಲ್ಲಿ ‘ಮನೆಮದ್ದು’, ಅಪರಾಧದ ಪುಟದಲ್ಲಿ ‘ಮದ್ದುಗುಂಡು’: ಅದು ಉಳಿದಿರುವುದು ಹೀಗೆ ಇನ್ನೊಂದು ಪದದ ಜೊತೆಗಾರನಾಗಿ.

ಹಳಗನ್ನಡದಲ್ಲಿ ಅದು ‘ಮರ್ದು’. ತುಳುವಿನಲ್ಲಿ ಇವತ್ತಿಗೂ ‘ಮರ್ದ್’. ತಮಿಳಿನ ಮರುಂದು, ಮಲಯಾಳದ ಮರುನ್ನು, ತೆಲುಗಿನ ಮಂದು ಎಲ್ಲ ಒಂದೇ ಬಳ್ಳಿಯವು. ಬಂದೂಕಿನ ಪುಡಿ ದಕ್ಷಿಣಕ್ಕೆ ಬಂದಾಗ ಈ ಭಾಷೆಗಳು ಅದಕ್ಕೆ ಹೊಸ ಹೆಸರು ಹುಡುಕಲಿಲ್ಲ, ಔಷಧದ ಹೆಸರನ್ನೇ ಕೊಟ್ಟವು. ತಮಿಳರು ವೆಡಿಮರುಂದು ಎಂದರು, ತೆಲುಗರು ಮಂದುಗುಂಡು ಎಂದರು. ಪಾರ್ಸಿಯ ‘ದಾರೂ’ ಎಂದರೂ ಔಷಧವೇ. ಅದು ಮರಾಠಿಗೆ ಬಂದು ದಾರೂಗೋಳಾ ಆಯಿತು. ಇನ್ನೂ ಹಿಂದಕ್ಕೆ ಹೋದರೆ ಚೀನಾದವರ ‘ಹುವೊ ಯಾವ್’. ಅದರ ಅರ್ಥ ಬೆಂಕಿಮದ್ದು. ಸಾವಿಲ್ಲದ ಬಾಳಿಗೆ ರಸೌಷಧ ಹುಡುಕುತ್ತಿದ್ದವರ ಕೈಯಲ್ಲೇ ಅಲ್ಲಿ ಆ ಪುಡಿ ಹುಟ್ಟಿತು.

ಹಾಗೆಂದು ಇದು ಹೆಸರಿನ ಸಾಲ ಮಾತ್ರವಲ್ಲ. ಕೋವಿಮದ್ದಿನಲ್ಲಿರುವುದು ಮೂರೇ: ಪೆಟ್ಲುಪ್ಪು, ಗಂಧಕ, ಇದ್ದಿಲು. ಗಂಧಕದ ಮುಲಾಮನ್ನು ಕಜ್ಜಿಗೆ ಹಚ್ಚುತ್ತಾರೆ. ವಿಷ ಕುಡಿದವರನ್ನು ಆಸ್ಪತ್ರೆಗೆ ತಂದರೆ ಹದಗೊಳಿಸಿದ ಇದ್ದಿಲಿನ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸುವುದುಂಟು. ಪೆಟ್ಲುಪ್ಪು, ಅಂದರೆ ಪೊಟ್ಯಾಸಿಯಂ ನೈಟ್ರೇಟ್, ತಣ್ಣೀರು ತಾಗಿದರೆ ಜುಮ್ಮೆನ್ನುವ ಹಲ್ಲಿಗೆಂದು ಮಾಡಿದ ಪೇಸ್ಟಿನಲ್ಲಿದೆ. ಜರಗನಹಳ್ಳಿಯ ಯಾವ ಅಂಗಡಿಯಲ್ಲಾದರೂ ಆ ಪೇಸ್ಟು ಸಿಗುತ್ತದೆ. ಮೂರೂ ಬಿಡಿಬಿಡಿಯಾಗಿ ಮದ್ದು. ಕೂಡಿಸಿ ಅರೆದರೂ ಮದ್ದು.

ಅರೆಯುವುದು ಇಲ್ಲಿ ಮುಖ್ಯವಾದ ಮಾತು. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುವ ಕಲ್ಲುಗಳೆಂದು ತೋರಿಸುವ ನಾಲ್ಕು ದೊಡ್ಡ ಕಲ್ಲುಗಳಿವೆ. ಪಂಡಿತರ ಮನೆಯ ಕಲ್ವದಲ್ಲಿ ಬೇರು ನುರಿಯುತ್ತಿದ್ದದ್ದೂ ಇದೇ ಕೆಲಸ, ಅಳತೆ ಮಾತ್ರ ಬೇರೆ. ಎರಡನ್ನೂ ನುಣ್ಣಗೆ ಅರೆಯಬೇಕು, ತೇವ ತಾಗದಂತೆ ಕಾಪಾಡಬೇಕು, ಪ್ರಮಾಣ ತಪ್ಪಬಾರದು. ಶ್ರೀರಂಗಪಟ್ಟಣದ ಮದ್ದಿನ ಮನೆಗಳ ಗೋಡೆ ಅಷ್ಟು ದಪ್ಪ, ಒಳಗೆ ಅಷ್ಟು ತಂಪು ಇರುವುದು ಅದಕ್ಕೇ. ಅವುಗಳಲ್ಲಿ ಒಂದು ಮೈಸೂರಿನ ಜೋಡಿ ರೈಲುಮಾರ್ಗಕ್ಕೆ ಅಡ್ಡ ಬಂದಾಗ, 2017ರಲ್ಲಿ, ಇಡೀ ಕಟ್ಟಡವನ್ನು ಒಡೆಯದೆ ಎತ್ತಿ ಬೇರೆಡೆ ಕೂರಿಸಿದರು. ಮದ್ದಿಗೆ ಕಿಡಿ ತಾಗಿದರೆ ಏನಾಗುತ್ತದೆ ಎಂಬುದನ್ನು ಅದೇ ಊರಿನ ದರಿಯಾ ದೌಲತ್ ಅರಮನೆಯ ಗೋಡೆ ತೋರಿಸುತ್ತದೆ. 1780ರ ಪೊಳ್ಳಿಲೂರು ಕಾಳಗದಲ್ಲಿ ಇಂಗ್ಲಿಷರ ಮದ್ದಿನ ಬಂಡಿ ಸಿಡಿದದ್ದನ್ನು ಅಲ್ಲಿ ಚಿತ್ರ ಬರೆದಿದ್ದಾರೆ.

ಅರಮನೆ, ಕೋಟೆಗಳಿಗಿಂತ ಹೆಚ್ಚು ಕಾಲ ಈ ಪದವನ್ನು ಬಳಕೆಯಲ್ಲಿಟ್ಟದ್ದು ಮಲೆನಾಡಿನ ಕೇಪಿನ ಕೋವಿ. ನಳಿಗೆಯ ಬಾಯಿಂದ ಮೊದಲು ಮದ್ದು, ಮೇಲೆ ನಾರು, ಸರಳಿನಿಂದ ಇಡಿದು ಗಟ್ಟಿ ಮಾಡಿದ ಮೇಲೆ ಚರೆ ಇಲ್ಲವೇ ಗುಂಡು, ಕಳಚದಂತೆ ಮತ್ತಷ್ಟು ನಾರು. ಹಿಂಬದಿಗೆ ಕೇಪು. ಇಷ್ಟೂ ಸೇರಿ ಒಂದು ಈಡು. ಗುಂಡು ಬೇಕಾದರೆ ಸೀಸ ಕರಗಿಸಿ ಅಚ್ಚಿಗೆ ಹೊಯ್ಯಬೇಕು. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಅಡುಗೆ ಒಲೆಯ ಉರಿಯೂ ಸಾಕು, ಆದರೆ ಅದರ ಹೊಗೆ ನಂಜು. ತಣಿದ ಮೇಲೆ ಅಚ್ಚಿನ ಬಾಯಲ್ಲುಳಿದ ಬಾಲವನ್ನು ಕತ್ತರಿಸಿ ತೆಗೆದರೆ ಗುಂಡು ಸಿದ್ಧ. ಮದ್ದು ಕಡಿಮೆಯಾದರೆ ಗುಂಡು ಗುರಿ ಮುಟ್ಟದು. ಹೆಚ್ಚಾದರೆ ನಳಿಗೆಯೇ ಒಡೆದು ಹೊಡೆದವನ ಕೈ ಹೋಗುತ್ತದೆ.

ಅಮೆರಿಕದಲ್ಲಿ ಹಳೆಯ ಕಾಲದ ರೈಫಲ್, ರಿವಾಲ್ವರ್‌ಗಳನ್ನು ಇಷ್ಟಪಡುವವರು ಇವತ್ತಿಗೂ ಗುಂಡನ್ನು ತಾವೇ ಎರೆಯುತ್ತಾರೆ, ಬರಿದಾದ ತೋಟೆಗೆ ಹೊಸ ಕೇಪು ಹಾಕಿ ಮದ್ದು ತುಂಬುತ್ತಾರೆ. ಅವರು ಮದ್ದು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಹಿಂದೆ ಇಂಗ್ಲೆಂಡ್, ಅಮೆರಿಕದ ಔಷಧದಂಗಡಿಗಳೂ ಇದೇ ಗ್ರೇನಿನಲ್ಲಿ ತೂಗುತ್ತಿದ್ದವು. ಆಸ್ಪಿರಿನ್ ಮಾತ್ರೆಯ ಮೇಲೆ 325 ಮಿಲಿಗ್ರಾಂ ಎಂಬ ವಿಚಿತ್ರ ಅಂಕಿ ಇರುವುದೇಕೆಂದರೆ ಅದು ಹಳೆಯ ಐದು ಗ್ರೇನ್. ಎರಡೂ ಮದ್ದು ಒಂದೇ ತಕ್ಕಡಿಯಲ್ಲಿ ಕೂತಿದ್ದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ನಮ್ಮಲ್ಲಿ ಈ ಪದ ಸೊರಗಿದ್ದಕ್ಕೆ ಕಾರಣವೂ ಇಲ್ಲೇ ಇದೆ ಎಂದು ನನ್ನ ನಂಬಿಕೆ. ಕಾರ್ಖಾನೆಯ ತೋಟೆ ಬಂದ ಮೇಲೆ ಮದ್ದು ಕಣ್ಣಿಗೆ ಬೀಳುವುದು ನಿಂತಿತು. ಅದು ತೋಟೆಯೊಳಗೆ ಮುಚ್ಚಿಕೊಂಡಿತು. ಜನ ಕೇಳುವುದು, ಎಣಿಸುವುದು ತೋಟೆಯನ್ನು. ಕಾಯಿಲೆಯ ಮದ್ದಿಗೂ ಹಾಗೇ ಆಯಿತು. ಅರೆದು, ಸೋಸಿ, ಜೇನಿನಲ್ಲಿ ಕಲಸಿ ಕೊಡುತ್ತಿದ್ದ ಅಜ್ಜಿಯ ಕೈಯಿಂದ ಅದು ಹೊಳೆಯುವ ಹಾಳೆಯೊಳಗಿನ ಮಾತ್ರೆಗೆ ಹೋಯಿತು. ಮಾತ್ರೆ ಎಂದರೆ ಅಳತೆ. ಅಳೆಯುವ ಹೊಣೆ ನಮ್ಮಿಂದ ಜಾರಿತು, ಹೆಸರೂ ಜಾರಿತು. ಇದರಿಂದ ಜೀವಗಳು ಉಳಿದಿವೆ, ಅದನ್ನು ಅಲ್ಲಗಳೆಯಲಾರೆ. ಆದರೂ ‘ಔಷಧಿ’ ಎಂಬ ಪದಕ್ಕೆ ಒಳ್ಳೆಯದು ಮಾತ್ರ ಗೊತ್ತು. ಮದ್ದುಗುಣಿಕೆಯ ಗಿಡಕ್ಕೆ ಆ ಹೆಸರಿಟ್ಟವರಿಗೆ ಅದು ಉಬ್ಬಸಕ್ಕೂ ಆಗುತ್ತದೆ, ಪ್ರಾಣವನ್ನೂ ತೆಗೆಯುತ್ತದೆ ಎಂಬುದು ಒಟ್ಟಿಗೇ ಗೊತ್ತಿತ್ತು.

ಈ ಪದಕ್ಕೆ ಒಂದು ಕೆಟ್ಟ ಬಾಳೂ ಇದೆ. ‘ಊಟದಲ್ಲಿ ಮದ್ದು ಹಾಕಿದ್ದಾರೆ’ ಎಂಬ ಒಂದು ಪಿಸುಮಾತಿನಿಂದ ಎಷ್ಟೋ ಸೊಸೆಯರು, ವಿಧವೆಯರು ಊಟಕ್ಕೆ ಕರೆಯಿಲ್ಲದೆ ದೂರ ಉಳಿದರು. ಹೊಟ್ಟೆಯಲ್ಲಿ ‘ಇಟ್ಟ ಮದ್ದು’ ತೆಗೆಯುತ್ತೇವೆಂದು ದುಡ್ಡು ಕೀಳುವವರು ಇನ್ನೂ ಇದ್ದಾರೆ. ಹೊಟ್ಟೆನೋವಿನವರನ್ನು ಅವರ ಬಳಿಗಲ್ಲ, ವೈದ್ಯರ ಬಳಿಗೆ ಕರೆದೊಯ್ಯಬೇಕು.

ಮದ್ದಿನ ಎಲ್ಲ ಅರ್ಥಗಳೂ ಒಟ್ಟಿಗೆ ಬದುಕಿರುವ ನಾಡು ಕೊಡಗು. ಕಕ್ಕಡ ತಿಂಗಳ ಹದಿನೆಂಟು, ಅಂದರೆ ಆಗಸ್ಟ್ 3, ಮದ್ದುಸೊಪ್ಪಿನ ದಿನ. ಆ ಸೊಪ್ಪನ್ನು ಬೇಯಿಸಿದ ನೀರು ಕಡುನೇರಳೆ; ಅದರಲ್ಲಿ ಪಾಯಸ ಮಾಡಿ ಉಣ್ಣುತ್ತಾರೆ. ಒಂದು ತಿಂಗಳ ನಂತರ, ಸೆಪ್ಟೆಂಬರ್ 3ರ ಸುಮಾರಿಗೆ, ಕೈಲ್‌ಪೊಳ್ದ್ ಹಬ್ಬ. ಅವತ್ತು ಕೋವಿಗೆ ಪೂಜೆ, ಅದಕ್ಕೆ ತೋಕ್ ಪೂ, ಅಂದರೆ ಕೋವಿ ಹೂವು, ಏರಿಸುತ್ತಾರೆ. ನಾವು ಗೌರಿ ಹೂ ಎನ್ನುವ ಆ ಬಳ್ಳಿಯ ಗೆಡ್ಡೆಯಲ್ಲಿರುವ ಕಾಲ್ಚಿಸೀನ್ ಕೀಲುನೋವಿನ ಒಂದು ಬಗೆಗೆ ವೈದ್ಯರು ಬರೆಯುವ ಔಷಧ, ಗೆಡ್ಡೆಯನ್ನೇ ತಿಂದರೆ ಸಾವು. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಎನ್ನುವ ರೂಢಿಯೂ ಅಲ್ಲಿಯದೇ. ಕೋವಿಗೆ ಪರವಾನಗಿ ಬೇಡವೆಂದು 1861ರಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ.

ಮತ್ತೆ ನಮ್ಮ ಕನಕಪುರ ರಸ್ತೆಗೆ ಬರುತ್ತೇನೆ. ಕನಕಪುರ ಹಿಂದೆ ಕಾನಕಾನಹಳ್ಳಿ. ಬೆಂಗಳೂರು ಕೋಟೆ ಗೆದ್ದ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟದ್ದು ಆ ಊರಿನ ದಾರಿ ಹಿಡಿದು. ಅವನ ಬಳಿ ತೋಪುಗಳಿದ್ದವು, ಮದ್ದು ಇತ್ತು. ಎಳೆಯುವ ಎತ್ತುಗಳು ಮೇವಿಲ್ಲದೆ, ರೋಗ ಹತ್ತಿ ಸಾಲುಸಾಲಾಗಿ ಸತ್ತವು. ಅದಕ್ಕೆ ಮದ್ದಿರಲಿಲ್ಲ. ಅರಕೆರೆಯ ಬಳಿ ಕಾಳಗ ಗೆದ್ದರೂ ಕೋಟೆ ಮುರಿಯಲು ತಂದ ದೊಡ್ಡ ತೋಪುಗಳನ್ನು ತಾನೇ ಕೆಡಿಸಿ ಅವನು ಹಿಂದಿರುಗಬೇಕಾಯಿತು.

ಒಂಟಿ ‘ಮದ್ದು’ ಇನ್ನೂ ಗಟ್ಟಿಯಾಗಿರುವುದು ಅಡಿಕೆ ತೋಟದಲ್ಲಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮೈಸೂರು ಸೀಮೆಯಲ್ಲಿ 1910ರ ಸುಮಾರಿಗೆ ರೂಢಿಗೆ ತಂದವರು ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ದಕ್ಷಿಣ ಕನ್ನಡದ ರೈತರು ಅದನ್ನು ಇವತ್ತಿಗೂ ಮದ್ದು ಎನ್ನುತ್ತಾರೆ, ಸಿಂಪಡಿಸುವುದಕ್ಕೆ ‘ಮದ್ದು ಬಿಡುವುದು’ ಎನ್ನುತ್ತಾರೆ. ಅದನ್ನು ಕೈಯಾರೆ ಬೆರೆಸಬೇಕು: ಮೈಲುತುತ್ತಿನ ನೀರು ಒಂದು ಕಡೆ, ಸುಣ್ಣದ ನೀರು ಒಂದು ಕಡೆ, ಎರಡೂ ಕೂಡಿದ ಮೇಲೆ ಕಬ್ಬಿಣದ ಚೂರಿಯೊಂದನ್ನು ಅದ್ದಿ ನೋಡಬೇಕು. ಚೂರಿಗೆ ತಾಮ್ರದ ಕೆಂಪು ಅಂಟಿದರೆ ಹದ ಬಂದಿಲ್ಲ, ಇನ್ನಷ್ಟು ಸುಣ್ಣ ಬೇಕು.