ಜೀವನಚಕ್ರ ಮೌಲ್ಯಮಾಪನದ ಗಣಿತಾಧಾರಗಳು

ಒಂದು ವಸ್ತುವು ಹೊಲದಲ್ಲಿಯೋ ಗಣಿಯಲ್ಲಿಯೋ ಉದ್ಭವಿಸಿದಂದಿನಿಂದ ತ್ಯಾಜ್ಯವಾಗಿ ವಿಸರ್ಜಿತವಾಗುವವರೆಗೆ ಪರಿಸರದ ಮೇಲೆ ಹೇರುವ ಭಾರವನ್ನು ಗಣಿಸುವ ಜೀವನಚಕ್ರ ಮೌಲ್ಯಮಾಪನದ ಫಲಿತಾಂಶಗಳು, ತಕ್ಕಡಿಯಲ್ಲಿ ತೂಗಿ ಪಡೆದ ಅಂಕಿಗಳಂತೆ ತೋರಿದರೂ, ವಸ್ತುತಃ ಕೆಲವು ಗಣಿತೀಯ ಗೃಹೀತಗಳಿಂದ ಹೊರಟ ನಿಗಮನಗಳೆಂಬುದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

ವಾಸಿಲಿ ಲಿಯಾಂಟಿಯೆಫ್ 1936ರಲ್ಲಿ ಅಮೆರಿಕದ ಅರ್ಥವ್ಯವಸ್ಥೆಯನ್ನು ಕುರಿತು ಪ್ರಕಟಿಸಿದ ಆದಾನ-ಪ್ರದಾನ ವಿಶ್ಲೇಷಣೆಯಲ್ಲಿರುವಂತೆಯೇ, ಇಲ್ಲಿಯೂ ಪ್ರತಿಯೊಂದು ಉತ್ಪಾದನಾ ಪ್ರಕ್ರಿಯೆಯು ಮಾತೃಕೆಯ ಒಂದು ಸ್ತಂಭವಾಗುತ್ತದೆ. ಆ ಮಾತೃಕೆಯ ವಿಲೋಮವನ್ನು ಬೇಡಿಕೆಯ ಸದಿಶದಿಂದ ಗುಣಿಸಿದರೆ ಯಾವ ಪ್ರಕ್ರಿಯೆ ಎಷ್ಟು ನಡೆಯಬೇಕೆಂಬುದು ದೊರೆಯುತ್ತದೆ. ಬೇಡಿಕೆ ಇಮ್ಮಡಿಸಿದರೆ ಮಾಲಿನ್ಯವೂ ಇಮ್ಮಡಿಸುವುದೆಂಬ ರೇಖೀಯತೆ ಇದರಲ್ಲಿ ಅಂತರ್ಗತವಾಗಿದೆ. ಪ್ರಸ್ತುತ ಸ್ಥಿತಿಯ ಸಮೀಪದ ಅಲ್ಪ ವ್ಯತ್ಯಾಸಗಳಿಗೆ ಇದು ಸಾಧುವಾದ ಸನ್ನಿಕಟನ. ದೇಶವೊಂದರ ಇಂಧನನೀತಿಯೇ ಬದಲಾಗುವಲ್ಲಿ ಮಾತ್ರ ಇದರ ಪ್ರಾಮಾಣ್ಯ ಕುಗ್ಗುತ್ತದೆ.

ವಿಲೋಮವಿರಬೇಕಾದರೆ ಮಾತೃಕೆಯು ಚೌಕವಾಗಿರಬೇಕು. ಸಕ್ಕರೆ ಕಾರ್ಖಾನೆಯಾದರೋ ಒಂದೇ ಕಬ್ಬಿನಿಂದ ಸಕ್ಕರೆಯನ್ನೂ ಕಾಕಂಬಿಯನ್ನೂ ಕಬ್ಬಿನ ಸಿಪ್ಪೆಯಿಂದ ವಿದ್ಯುತ್ತನ್ನೂ ನೀಡುವುದರಿಂದ, ಉತ್ಪನ್ನಗಳನ್ನು ಸೂಚಿಸುವ ಪಂಕ್ತಿಗಳು ಸ್ತಂಭಗಳನ್ನು ಮೀರುತ್ತವೆ, ವಿಲೋಮವು ಇಲ್ಲವಾಗುತ್ತದೆ. 2006ರ ಐಎಸ್‌ಒ 14044 ಮಾನಕವು, ಪ್ರಕ್ರಿಯೆಯನ್ನು ವಿಭಜಿಸಿಯೋ ವ್ಯವಸ್ಥೆಯ ಸೀಮೆಯನ್ನು ವಿಸ್ತರಿಸಿಯೋ ಭಾರದ ಹಂಚಿಕೆಯನ್ನು ಸಾಧ್ಯವಾದಷ್ಟು ತಪ್ಪಿಸಬೇಕೆಂದೂ, ತಪ್ಪದಿದ್ದಲ್ಲಿ ಭೌತಸಂಬಂಧವನ್ನೂ, ಅದೂ ಸಲ್ಲದಿದ್ದಲ್ಲಿ ಬೆಲೆಯಂತಹ ಅನ್ಯಸಂಬಂಧವನ್ನೂ ಆಶ್ರಯಿಸಬೇಕೆಂದೂ ವಿಧಿಸುತ್ತದೆ. ಬೆಲೆಯನ್ನೇ ಆಶ್ರಯಿಸಿದರೆ, ಕಾಕಂಬಿಯ ದರ ಏರಿದ ಮಾತ್ರಕ್ಕೆ, ಚಿಮಣಿಯ ಹೊಗೆ ಎಳ್ಳಷ್ಟೂ ತಗ್ಗದಿದ್ದರೂ, ಸಕ್ಕರೆಯ ಪಾಲಿನ ಭಾರ ಇಳಿಯುತ್ತದೆ.

ಭಿನ್ನಭಿನ್ನ ಅನಿಲಗಳನ್ನು ಒಂದೇ ಮೊತ್ತಕ್ಕೆ ತರುವ ಗುಣಾಂಕಗಳಲ್ಲಿಯೂ ಇಂತಹುದೇ ಆಯ್ಕೆ ಅಡಗಿದೆ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ ಐದನೆಯ ವರದಿಯಲ್ಲಿ, ಇಂಗಾಲದ ಡೈಆಕ್ಸೈಡಿಗೆ ಹೋಲಿಸಿದ ಮೀಥೇನಿನ ತಾಪನ ಗುಣಾಂಕವು ನೂರು ವರ್ಷಗಳ ಅವಧಿಗೆ 28, ಇಪ್ಪತ್ತು ವರ್ಷಗಳಿಗೆ 84. ಯಾವ ಅವಧಿ ಗ್ರಾಹ್ಯವೆಂಬುದನ್ನು ನಿರ್ಣಯಿಸುವುದು ಭೌತಶಾಸ್ತ್ರವಲ್ಲ, ಮುಂದಿನ ತಲೆಮಾರುಗಳಿಗೆ ನಾವು ಕೊಡುವ ಬೆಲೆ.

ಮಾಂಟೆ ಕಾರ್ಲೊ ಗಣನೆಯಿಂದ ಅನಿಶ್ಚಿತತೆಯನ್ನು ಅಳೆದೆವೆಂಬ ಸಮಾಧಾನವೂ ಅಪೂರ್ಣವಾದುದು. ಸಾಮಾನ್ಯವಾಗಿ ಅದು ದತ್ತಾಂಶಗಳನ್ನು ಕದಲಿಸುವುದೇ ಹೊರತು ಮಾದರಿಯ ರೂಪವನ್ನಲ್ಲ. ಆದುದರಿಂದ ಹಂಚಿಕೆಯ ನಿಯಮವನ್ನೂ ಕಾಲಾವಧಿಯನ್ನೂ ಸ್ಪಷ್ಟವಾಗಿ ನಮೂದಿಸದ, ಪರ್ಯಾಯ ಗೃಹೀತವೊಂದರಿಂದಲಾದರೂ ಗಣನೆಯನ್ನು ಪುನರಾವರ್ತಿಸದ ಯಾವ ತುಲನೆಯೂ ನೀತಿನಿರ್ಣಯಕ್ಕೆ ಆಧಾರವಾಗತಕ್ಕುದಲ್ಲ.